ಶೆಡ್ಡಿನಲ್ಲೇ ನಿಲ್ಲೋ ಕಾರು ಯಾವುದಾಗಿರಬೇಕು?

ಮೊನ್ನೆ ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಮೈಕ್ ಬಿಚ್ಚಿಡುವಷ್ಟರಲ್ಲಿ ಕುವೈತ್‌ನಿಂದ ಒಬ್ಬರ ಫೋನ್ ಬಂತು. ಕುಂದಾಪುರ ಕಡೆಯವರು. "ಸರ್, ನೀವು ಇಂಜಿನಿಯರಿಂಗ್ ಓದಿದವರು ಅಂತ ಕೇಳಿದ್ದೇನೆ. ಒಂದು ಕಾರು ತಗೊಳ್ಳಬೇಕು. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ನಾನು ವರ್ಷಕ್ಕೆ ನಲವತ್ತು ದಿನ ಬರ್ತೇನೆ. ಉಳಿದ ದಿನ ಕಾರು ಮನೆಯಲ್ಲೇ ಇರ್ತದೆ. ಯಾವುದು ಒಳ್ಳೇದು?"

ಒಳ್ಳೇ ಪ್ರಶ್ನೆ. ಆದರೆ ಅವರು ಆಗಲೇ ಮೂರು ಕಾರು ಆರಿಸಿಟ್ಟುಕೊಂಡಿದ್ದರು. ಮೂರೂ ಡೀಸೆಲ್. ಮೂರೂ ಆಟೊಮ್ಯಾಟಿಕ್. ಮೂರೂ ಟಾಪ್ ಎಂಡ್. "ಮೈಲೇಜ್ ಯಾವುದರಲ್ಲಿ ಚೆನ್ನಾಗಿದೆ ಸರ್?" ಅಂತ ಬೇರೆ ಕೇಳಿದರು. ವರ್ಷಕ್ಕೆ 325 ದಿನ ನಿಂತಲ್ಲೇ ನಿಲ್ಲೋ ಕಾರಿಗೆ ಮೈಲೇಜ್ ಕಟ್ಟಿಕೊಂಡು ಏನು ಮಾಡ್ತೀರಿ ಸ್ವಾಮಿ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಯಾಕಂದ್ರೆ ಎರಡು ಮಳೆಗಾಲದ ಹಿಂದೆ ನಾನೂ ಅಂಥದ್ದೇ ಒಂದು ಕಾರನ್ನು ತಂದು ನಮ್ಮೂರ ಶೆಡ್ಡಿನಲ್ಲಿ ನಿಲ್ಲಿಸಿದವನು.

ನಮ್ಮೂರು ತೀರ್ಥಹಳ್ಳಿಯಿಂದ ಒಳಗೆ. ಮನೇಲಿ ಅಪ್ಪ, ಅಮ್ಮ. ಅಪ್ಪನಿಗೆ ಆಗ ಅರವತ್ತೆಂಟು. ಮೊದಲು ಒಂದು ಹಳೇ ಮಾರುತಿ 800 ಇತ್ತು. ಅದರಲ್ಲೇ ವಾರಕ್ಕೆರಡು ಸಲ ಪೇಟೆಗೆ ಹೋಗಿ ಬರ್ತಿದ್ದರು. ಮಗ ಟಿವಿಯಲ್ಲಿ ಬರ್ತಾನೆ, ಅಪ್ಪ ಡಬ್ಬಾ ಕಾರಲ್ಲಿ ಓಡಾಡ್ತಾರೆ ಅಂದ್ರೆ ಹೇಗೆ? ಅದನ್ನ ಮಾರಿಸಿ, ದೊಡ್ಡ ಡೀಸೆಲ್ ಗಾಡಿ ತಂದೆ. ಕೀ ಹಾಕಿ ತಿರುಗಿಸೋ ಹಾಗಿಲ್ಲ, ಬಟನ್ ಒತ್ತಬೇಕು. ಹ್ಯಾಂಡ್‌ಬ್ರೇಕ್ ಎಳೆಯೋ ಹಾಗಿಲ್ಲ, ಅದೂ ಬಟನ್. ಗೇರ್ ತಾನಾಗೇ ಬೀಳುತ್ತೆ. ಅಪ್ಪ ಎಲ್ಲ ಕಲಿತರು. ಆದರೆ ಕಾರು ಮಾತ್ರ ತೆಗೀಲಿಲ್ಲ. ನಮ್ಮನೆ ದಾರಿ ಒಂದು ಜೀಪಿನಷ್ಟು ಅಗಲ. ಒಂದು ಕಡೆ ಧರೆ, ಇನ್ನೊಂದು ಕಡೆ ಬೇಲಿ. "ಎಲ್ಲಾದ್ರೂ ಗೀಚಿದ್ರೆ ಎಷ್ಟು ಖರ್ಚೋ ಏನೋ, ನೀನು ಬಂದಾಗ ಹೋಗೋಣ ಬಿಡು" ಅಂತ ಬಸ್ಸು ಹತ್ತೋಕೆ ಶುರು ಮಾಡಿದರು. ನಾನು ಫೋನಲ್ಲಿ ಹೇಳಿದೆ, "ಭಾನುವಾರ ಭಾನುವಾರ ಒಂದೈದು ನಿಮಿಷ ಸ್ಟಾರ್ಟ್ ಮಾಡಿಡಿ ಅಪ್ಪ, ಸಾಕು."

ಆಗಸ್ಟ್ ತಿಂಗಳು. ಮೂರು ದಿನದಿಂದ ಕರೆಂಟ್ ಇರಲಿಲ್ಲ. ರಾತ್ರಿ ಒಂದೂವರೆಗೆ ಅಪ್ಪನಿಗೆ ಎದೆನೋವು ಬಂತು. ಪಕ್ಕದ ಮನೆ ಹುಡುಗ ಓಡಿಬಂದು ಕಾರು ಹತ್ತಿ ಬಟನ್ ಒತ್ತಿದ. ಡ್ಯಾಶ್‌ಬೋರ್ಡಿನ ದೀಪ ಎಲ್ಲ ಒಮ್ಮೆ ಹತ್ತಿ, ಕಟಕಟ ಅಂತ ಸದ್ದಾಗಿ, ಆರಿಹೋಯ್ತಂತೆ. ಎರಡನೇ ಸಲ ಒತ್ತಿದ. ಅದೂ ಇಲ್ಲ. ಹೊರಗೆ ತಳ್ಳೋಣ ಅಂದ್ರೆ ಚಕ್ರ ಅಲುಗಲ್ಲ. ಗೇರ್ ಪಾರ್ಕಿಂಗಿನಲ್ಲಿ ಲಾಕ್, ಬ್ರೇಕ್ ಕರೆಂಟಿನಲ್ಲಿ ಲಾಕ್. ಜಂಪರ್ ಕೇಬಲ್ ಮನೇಲಿರಲಿಲ್ಲ. ಕೊನೆಗೆ ಅಪ್ಪನನ್ನ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಪಕ್ಕದ ಮನೆಯವರ ಹಳೇ ಓಮ್ನಿ. ಮೂರನೇ ಗೇರಿನಲ್ಲಿ ಕೂಗಾಡಿಕೊಂಡು ಹೋಯ್ತಂತೆ, ಆದರೆ ಹೋಯ್ತು. ಸ್ಟೆಂಟ್ ಹಾಕಿದರು. ಅಪ್ಪ ಉಳಿದರು.

ನಾನು ಬೆಳಗ್ಗೆ ಹೋಗಿ ನಿಂತಾಗ ಮಲಗಿದಲ್ಲಿಂದಲೇ ಅಂದರು, "ನಿನ್ನ ಕಾರೂ ನಿನ್ನ ಟಿವಿ ಥರಾನೇ ಕಣೋ. ಕರೆಂಟಿಲ್ಲ ಅಂದ್ರೆ ಏನೂ ಇಲ್ಲ."

ಬಟ್ಟೆ ತರೋಕೆ ಮನೆಗೆ ಹೋದಾಗ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ. ಏಳು ಭಾನುವಾರಕ್ಕೆ ಏಳು ಪೆನ್ಸಿಲ್ ಗುರುತು. ನಾನು ಹೇಳಿದ ಹಾಗೇ ಪ್ರತಿ ವಾರ, ಐದೈದು ನಿಮಿಷ, ಒಂದೂ ತಪ್ಪದೆ ಸ್ಟಾರ್ಟ್ ಮಾಡಿದ್ದಾರೆ. ಕೊನೇ ಭಾನುವಾರ ಕೊಸರಾಡಿಕೊಂಡೇ ಸ್ಟಾರ್ಟ್ ಆಗಿತ್ತಂತೆ. ಮಗನಿಗೆ ಯಾಕೆ ತೊಂದರೆ ಅಂತ ಹೇಳಲಿಲ್ಲ.

ತಪ್ಪು ಯಾರದ್ದು? ನನ್ನದೇ. ಇಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡು ಒಂದು ಗುಣಾಕಾರ ಮಾಡಲಿಲ್ಲ. ಬನ್ನಿ, ಆ ಲೆಕ್ಕ ಈಗ ಮಾಡೋಣ. ಕಾರಿನ ಆಯ್ಕೆ ಶುರುವಾಗೋದೇ ಅಲ್ಲಿಂದ.

ಬೀಗ ಹಾಕಿ ನಿಲ್ಲಿಸಿದ ಕಾರು ಪೂರ್ತಿ ನಿದ್ದೆ ಮಾಡಲ್ಲ. ಗಡಿಯಾರ, ಅಲಾರಂ, ರಿಮೋಟ್ ಕೀ ಸದ್ದಿಗೆ ಕಿವಿಗೊಟ್ಟು ಕೂತಿರೋ ಸರ್ಕ್ಯೂಟ್, ಕಂಪ್ಯೂಟರಿನ ನೆನಪು, ಹೊಸ ಗಾಡಿಯಾದರೆ ಮೊಬೈಲ್‌ಗೆ ಸುದ್ದಿ ಕಳಿಸೋ ಸಿಮ್, ಇವೆಲ್ಲ ಬ್ಯಾಟರಿಯನ್ನ ಸಣ್ಣಗೆ ಹೀರ್ತಾನೇ ಇರ್ತವೆ. ಸಾಮಾನ್ಯ ಕಾರಿನಲ್ಲಿ ಇದು 20ರಿಂದ 50 ಮಿಲಿ ಆಂಪಿಯರ್. ಏನೂ ಅಲ್ಲ ಅನ್ನಿಸುತ್ತೆ ಅಲ್ವಾ? 50 ಅಂದುಕೊಳ್ಳಿ. ದಿನಕ್ಕೆ 24 ಗಂಟೆ, ಅಂದರೆ 1.2 ಆಂಪಿಯರ್ ಅವರ್. ವಾರಕ್ಕೆ 8.4. ಐದು ನಿಮಿಷ ಇಂಜಿನ್ ಸುಮ್ಮನೆ ಓಡಿಸಿದರೆ ಆಲ್ಟರ್ನೇಟರ್ ವಾಪಸ್ ಕೊಡೋದೆಷ್ಟು? 15 ಆಂಪಿಯರ್ ಬ್ಯಾಟರಿಗೆ ಹೋಯ್ತು ಅಂತಲೇ ಇಟ್ಟುಕೊಂಡರೂ 1.25. ಅದರಲ್ಲಿ ಸೆಲ್ಫ್ ಹೊಡೆಯೋಕೆ ಹೋಗಿದ್ದನ್ನ ಕಳೆಯಿರಿ. ಅಂದರೆ ವಾರಕ್ಕೆ ಸುಮಾರು 7 ನಷ್ಟ. ಏಳು ವಾರಕ್ಕೆ 49. ನಮ್ಮ ಕಾರಿನ ಬ್ಯಾಟರಿ 60 ಆಂಪಿಯರ್ ಅವರ್. ಉಳಿದದ್ದು 11. ಅಷ್ಟರಲ್ಲಿ ಡೀಸೆಲ್ ಇಂಜಿನ್ ಏಳುತ್ತಾ? ಏಳಲ್ಲ.

ಅಪ್ಪ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತಾ ಹೋದ ಹಾಗೆ ಬ್ಯಾಟರಿ ಇಳೀತಾ ಹೋಯ್ತು.

ಇದನ್ನ ಇಡೀ ದೇಶ ಒಟ್ಟಿಗೆ ಕಲಿತ ಕಾಲವೂ ಒಂದಿತ್ತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಕಾರುಗಳೆಲ್ಲ ಮನೆ ಮುಂದೆ. ಬಿಡುಗಡೆ ಆದ ಮೇಲೆ ಎಷ್ಟು ಬೀದಿಯಲ್ಲಿ ಜನ ಕಾರು ತಳ್ತಿದ್ದರು ಅನ್ನೋದು ನಿಮಗೇ ನೆನಪಿರಬೇಕು. ಕಲಿತೆವು, ಮರೆತೆವು.

ಹಾಗಾದರೆ ನಿಲ್ಲೋ ಕಾರು ಯಾವುದಿರಬೇಕು? ಮೊದಲು ಇಂಧನ. ಡೀಸೆಲ್ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋಕೆ ಒಂದು ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ಅದರಲ್ಲಿ ಕೂಡಿದ ಮಸಿ ಸುಟ್ಟು ಬೂದಿ ಆಗಬೇಕು ಅಂದರೆ ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಒಂದಷ್ಟು ಹೊತ್ತು ಓಡಬೇಕು. ಶೆಡ್ಡಿನಲ್ಲಿ ಐದು ನಿಮಿಷ ಗುರುಗುಟ್ಟಿಸಿದರೆ ಮಸಿ ಸೇರುತ್ತೆ, ಸುಡಲ್ಲ. ನಮ್ಮ ಕಾರಿಗೂ ಬ್ಯಾಟರಿ ಬದಲಿಸಿದ ಮೇಲೆ ಹತ್ತಿದ ಮೊದಲ ದೀಪ ಅದೇ. ಕೆಲವು ಡೀಸೆಲ್ ಗಾಡಿಗಳಿಗೆ ಬೇರೆ ಟ್ಯಾಂಕಿನಲ್ಲಿ ಯೂರಿಯಾ ದ್ರಾವಣ ಬೇರೆ ಹಾಕಬೇಕು. ಅದಕ್ಕೂ ಆಯಸ್ಸಿದೆ, ಬಿಸಿಲಲ್ಲಿ ಇನ್ನೂ ಕಮ್ಮಿ ಆಗುತ್ತೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸೋರಿಗೆ ಡೀಸೆಲ್ ಒಳ್ಳೇ ಇಂಜಿನ್. ನಿಲ್ಲಿಸೋರಿಗೆ ಅದು ಸುಮ್ಮನೆ ಸಾಕಿದ ಆನೆ.

ಪೆಟ್ರೋಲ್‌ನಲ್ಲೂ ಒಂದು ತಕರಾರಿದೆ, ಮುಚ್ಚಿಡಲ್ಲ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಶೇ.20ರವರೆಗೆ ಎಥೆನಾಲ್ ಇದೆ. ಎಥೆನಾಲ್‌ಗೆ ನೀರು ಕಂಡರೆ ಪ್ರೀತಿ, ಗಾಳಿಯ ತೇವವನ್ನೂ ಎಳಕೊಳ್ಳುತ್ತೆ. ನೀರು ಜಾಸ್ತಿ ಆದರೆ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ. ಪಂಪ್ ಹೀರೋದು ತಳದಿಂದಲೇ. ಹಾಗಂತ ಗಾಬರಿ ಬೇಡ. ಮುಚ್ಚಳ ಬಿಗಿಯಾಗಿರೋ ಟ್ಯಾಂಕಿನಲ್ಲಿ ಒಂದೆರಡು ತಿಂಗಳಿಗೆ ಏನೂ ಆಗಲ್ಲ. ಆರು ತಿಂಗಳು, ಒಂದು ಮಳೆಗಾಲ ಪೂರ್ತಿ ಅಂದಾಗ ಯೋಚನೆ ಮಾಡಬೇಕು. ಹೊರಡೋ ಮುಂಚೆ ಟ್ಯಾಂಕ್ ತುಂಬಿಸಿದರೆ ಒಳಗೆ ಗಾಳಿಗೆ ಜಾಗ ಕಮ್ಮಿ, ತೇವವೂ ಕಮ್ಮಿ. ಕಾರು ಆರಿಸುವಾಗ ನೋಡಬೇಕಾದ್ದು ಇಷ್ಟು. 2023ರ ಏಪ್ರಿಲ್‌ನಿಂದ ಬಂದ ಕಾರುಗಳ ರಬ್ಬರ್ ಪೈಪು, ಸೀಲುಗಳು ಈ ಮಿಶ್ರಣ ತಡೆಯೋ ಹಾಗೆ ಮಾಡಿದವು. ಅದಕ್ಕಿಂತ ಹಿಂದಿನವು ಎಷ್ಟೋ ಶೇ.10ಕ್ಕೆ ಅಂತ ಮಾಡಿದವು. ಹಳೇ ಕಾರು ಕೊಳ್ಳೋರು ಆ ಮಾಡೆಲ್ ಯಾವುದಕ್ಕೆ ಸರಿ ಅಂತ ಪೆಟ್ರೋಲ್ ಮುಚ್ಚಳದ ಹತ್ತಿರ ಅಥವಾ ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ.

ಎಲೆಕ್ಟ್ರಿಕ್ ಕಾರು? ಈ ಪ್ರಶ್ನೆ ಖಂಡಿತ ಬರುತ್ತೆ. ಆಯಿಲ್ ಇಲ್ಲ, ಪೆಟ್ರೋಲ್ ಹಳಸೋ ಮಾತಿಲ್ಲ, ದೊಡ್ಡ ಬ್ಯಾಟರಿ ತಾನಾಗಿ ಇಳಿಯೋದೂ ನಿಧಾನ. ಒಳ್ಳೇದೇ. ಆದರೆ ಅದರಲ್ಲೂ ಬಾಗಿಲು ತೆಗೆಯೋದು, ಕಂಪ್ಯೂಟರ್ ಎಬ್ಬಿಸೋದು ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯೇ. ಅದು ಸತ್ತರೆ ನೆಲದಡಿ ಇರೋ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳಲ್ಲ. ಕೆಲವು ಮಾಡೆಲ್‌ಗಳು ದೊಡ್ಡದರಿಂದ ಚಿಕ್ಕದಕ್ಕೆ ಆಗಾಗ ತಾವೇ ತುಂಬಿಸಿಕೊಳ್ತವೆ, ಕೆಲವು ಇಲ್ಲ. ಕೇಳಿ ತಿಳ್ಕೊಳ್ಳಿ. ಇನ್ನೊಂದು ಇಕ್ಕಟ್ಟಿದೆ. ತಿಂಗಳುಗಟ್ಟಲೆ ನಿಲ್ಲಿಸೋ ಲಿಥಿಯಂ ಬ್ಯಾಟರಿಯನ್ನ ಅರ್ಧ ಚಾರ್ಜಿನಲ್ಲಿ ಇಡೋದು ಅದರ ಆರೋಗ್ಯಕ್ಕೆ ಒಳ್ಳೇದು. ತುರ್ತಿಗೆ ಅಂತ ಇಟ್ಟ ಕಾರು ಪೂರ್ತಿ ಚಾರ್ಜ್ ಇರಬೇಕು ಅನ್ನೋದು ನಮ್ಮ ಆಸೆ. ಮೂರು ದಿನ ಕರೆಂಟಿಲ್ಲದ ಮಲೆನಾಡಿನ ಮನೆಗೆ ನಾನಂತೂ ಸದ್ಯಕ್ಕೆ ಬೇಡ ಅಂತೀನಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲೋದಾದರೆ ಲೆಕ್ಕ ಬೇರೆ.

ಈಗ ಗೇರು, ಬ್ರೇಕು, ಕೀ. ಶೋರೂಂನಲ್ಲಿ ಯಾರೂ ಇದನ್ನ ಹೇಳಲ್ಲ. ಯಾಕಂದ್ರೆ ಹೆಚ್ಚು ದುಡ್ಡಿನ ಮಾಡೆಲ್ ಅಂದರೇನೇ ಇವೆಲ್ಲ ಬಟನ್ ಆಗಿರೋದು. ನಿಲ್ಲೋ ಕಾರಿಗೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಬ್ಯಾಟರಿ ಪೂರ್ತಿ ಸತ್ತಾಗ ಈ ಗಾಡಿಯ ಬಾಗಿಲು ತೆಗೆಯಬಹುದಾ, ಚಕ್ರ ಬಿಡಿಸಬಹುದಾ, ನಾಲ್ಕು ಜನ ಸೇರಿ ತಳ್ಳಬಹುದಾ? ಎಳೆಯೋ ಹ್ಯಾಂಡ್‌ಬ್ರೇಕ್ ಇದ್ದರೆ ಬಿಡಿಸಬಹುದು. ಎಲೆಕ್ಟ್ರಾನಿಕ್ ಆದರೆ ಬಿಡಿಸೋ ಮೋಟಾರಿಗೇ ಕರೆಂಟ್ ಬೇಕು. ಮ್ಯಾನುಯಲ್ ಗೇರ್ ಆದರೆ ನ್ಯೂಟ್ರಲ್ ಮಾಡಬಹುದು, ಬ್ಯಾಟರಿಯಲ್ಲಿ ಚೂರು ಜೀವ ಇದ್ದರೆ ತಳ್ಳಿ ಎರಡನೇ ಗೇರಿನಲ್ಲಿ ಸ್ಟಾರ್ಟೂ ಮಾಡಬಹುದು. ಆಟೊಮ್ಯಾಟಿಕ್‌ನಲ್ಲಿ ಪಾರ್ಕಿಂಗ್ ಲಾಕ್ ಬಿಡಿಸೋಕೆ ಲಿವರ್ ಪಕ್ಕದ ಸಣ್ಣ ಮುಚ್ಚಳದಡಿ ಒಂದು ದಾರಿ ಇರುತ್ತೆ, ಆದರೆ ರಾತ್ರಿ ಒಂದೂವರೆಗೆ ಟಾರ್ಚ್ ಹಿಡಿದು ಅದನ್ನ ಹುಡುಕೋರು ಯಾರು? ತಳ್ಳಿ ಸ್ಟಾರ್ಟ್ ಮಾಡೋ ಮಾತಂತೂ ಇಲ್ಲವೇ ಇಲ್ಲ. ಕ್ಲಚ್ ಇಲ್ಲದ ಎಎಂಟಿ ಗಾಡಿಗಳೂ ಈ ವಿಷಯದಲ್ಲಿ ಅದೇ ಜಾತಿ.

ಹಾಗಾಗಿ ನನ್ನ ಆಯ್ಕೆ ಬಹಳ ಸಾದಾ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್, ಮ್ಯಾನುಯಲ್ ಗೇರ್, ಎಳೆಯೋ ಹ್ಯಾಂಡ್‌ಬ್ರೇಕ್, ತಿರುಗಿಸೋ ಕೀ. ವ್ಯಾಗನ್ ಆರ್, ಟಿಯಾಗೊ, ಗ್ರ್ಯಾಂಡ್ ಐ10, ಇಂಥ ಯಾವುದಾದರೂ ಸಣ್ಣ ಕಾರಿನ ಕೆಳಗಿನ ಅಥವಾ ನಡುವಿನ ಮಾಡೆಲ್. ಪೇಟೆಯ ಯಾವ ಮೆಕ್ಯಾನಿಕ್ಕಿಗೂ ಬಿಚ್ಚೋಕೆ ಬರಬೇಕು, ಬ್ಯಾಟರಿ, ಟೈರು ಅಲ್ಲೇ ಸಿಗಬೇಕು. ಸನ್‌ರೂಫ್ ಬೇಡ. ಅದರ ನೀರು ಇಳಿಯೋ ಕೊಳವೆಯಲ್ಲಿ ಎಲೆ, ಕಸ ಕಟ್ಟಿಕೊಂಡರೆ ಮಳೆ ನೀರು ಸೀಟಿಗೆ ಬರುತ್ತೆ. ನಮ್ಮ ಚಾನೆಲ್ಲಿನ ಜಾಹೀರಾತು ವಿಭಾಗದವರು ಈ ಪ್ಯಾರಾ ಓದದೇ ಇರಲಿ ಅಂತ ಪ್ರಾರ್ಥನೆ.

ಇನ್ನು ದುಡ್ಡು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನಿಂತ ಕಾರಿನ ಅತಿ ದೊಡ್ಡ ಖರ್ಚು ಕಣ್ಣಿಗೆ ಕಾಣಲ್ಲ. ವಿಮೆಯವರು ಕಾರಿನ ಬೆಲೆ ಕಟ್ಟೋಕೆ ಒಂದು ಪಟ್ಟಿ ಇದೆ. ವರ್ಷ ದಾಟಿದರೆ ಶೇ.20 ಕಡಿತ, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50. ಇದರಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋ ಕಾಲಂ ಇಲ್ಲವೇ ಇಲ್ಲ. ಓಡಿದರೂ ಅಷ್ಟೇ, ನಿಂತರೂ ಅಷ್ಟೇ. 8 ಲಕ್ಷದ ಹೊಸ ಕಾರು ಐದನೇ ವರ್ಷಕ್ಕೆ 4 ಲಕ್ಷ. ಕುವೈತ್‌ನವರು ವರ್ಷಕ್ಕೆ 40 ದಿನದಂತೆ ಐದು ವರ್ಷದಲ್ಲಿ ಓಡಿಸೋದು 200 ದಿನ. 4 ಲಕ್ಷವನ್ನ 200ರಿಂದ ಭಾಗಿಸಿ. ದಿನಕ್ಕೆ 2,000 ರೂಪಾಯಿ. ಪೆಟ್ರೋಲ್, ವಿಮೆ, ಸರ್ವಿಸ್, ಮೊದಲೇ ಒಟ್ಟಿಗೆ ಕಟ್ಟಿದ ಜೀವಿತಾವಧಿ ತೆರಿಗೆ, ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ. ಬರೀ ನಲವತ್ತು ದಿನದ ಓಡಾಟಕ್ಕೇ ಅಂದರೆ ಊರಿನ ಟ್ಯಾಕ್ಸಿಯವನ ನಂಬರ್ ಇಟ್ಟುಕೊಳ್ಳೋದು ಬುದ್ಧಿವಂತಿಕೆ. ಅವನಿಗೂ ಒಂದು ಬಾಡಿಗೆ. ಇಲ್ಲ, ಮನೆ ಮುಂದೆ ಒಂದು ಗಾಡಿ ಇರಲೇಬೇಕು, ಅಪ್ಪ ಅಮ್ಮನಿಗೆ ಬೇಕು ಅಂದರೆ ನಾಲ್ಕೈದು ವರ್ಷದ ಹಳೇ ಕಾರು ನೋಡಿ. ಬೆಲೆ ಬಿದ್ದ ನಷ್ಟವನ್ನ ಮೊದಲಿನ ಮಾಲೀಕ ಆಗಲೇ ಹೊತ್ತಿರ್ತಾನೆ. ಆರ್‌ಸಿ ಅವಧಿ ಮಾತ್ರ ನೋಡಿ. ನೋಂದಣಿ ದಿನದಿಂದ 15 ವರ್ಷ, ಶೆಡ್ಡಿನಲ್ಲಿ ಕಳೆದ ವರ್ಷಗಳೂ ಅದರಲ್ಲೇ ಲೆಕ್ಕ.

ಹಳೇ ಕಾರು ಅಂದಾಗ ಒಂದು ಆಸೆ ಎಲ್ಲರಿಗೂ ಇರುತ್ತೆ. "ಎಂಟು ವರ್ಷದ ಗಾಡಿ ಸರ್, ಬರೀ ಒಂಬತ್ತು ಸಾವಿರ ಕಿಲೋಮೀಟರ್, ರಿಟೈರ್ಡ್ ಮೇಷ್ಟ್ರು ಇಟ್ಕೊಂಡಿದ್ದು." ಕೇಳೋಕೆ ಚೆಂದ. ಆದರೆ ಅದೂ ನಮ್ಮಪ್ಪನ ಥರ ಭಾನುವಾರ ಗುರುತು ಹಾಕಿ ಸಾಕಿದ ಗಾಡಿ ಇರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಆದ ಟೈರು. ಹೂವು ಪೂರ್ತಿ ಇದ್ದರೂ ಆರೇಳು ವರ್ಷದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಬೆಲ್ಟು, ಹೋಸ್ ಪೈಪು, ವೈಪರ್ ರಬ್ಬರ್ ಎಲ್ಲದಕ್ಕೂ ಇದೇ ಕಥೆ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಕುಡಿಯೋ ಗಿರಾಕಿ, ಓಡಲಿ ಬಿಡಲಿ ಎರಡು ವರ್ಷಕ್ಕೆ ಬದಲಾಗಬೇಕು. ಇಂಜಿನ್ ಆಯಿಲ್ ವರ್ಷಕ್ಕೊಮ್ಮೆ. ಹಾಗಾಗಿ ಒಂಬತ್ತು ಸಾವಿರ ಓಡಿದ ಗಾಡಿಗಿಂತ ನಲವತ್ತು ಸಾವಿರ ಓಡಿ, ವರ್ಷವರ್ಷವೂ ಸರ್ವಿಸ್ ಆದ ಗಾಡಿ ನನಗೆ ಹೆಚ್ಚು ನಂಬಿಕೆ.

ಕಾರು ಬಂತು. ನಿಲ್ಲಿಸೋದು ಎಲ್ಲಿ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಆ ಸೀಮೆಯಲ್ಲಿ ಮಣ್ಣಿನ ಮೇಲೆ ನಿಲ್ಲಿಸಿದ ಕಾರಿಗೆ ಮೇಲಿಂದ ಅಲ್ಲ, ಕೆಳಗಿಂದ ತುಕ್ಕು ಹಿಡಿಯುತ್ತೆ. ಸಿಮೆಂಟ್ ನೆಲ ಬೇಕು, ಮಾಡು ಬೇಕು, ಪಕ್ಕ ತೆರೆದಿರಬೇಕು. ಪ್ಲಾಸ್ಟಿಕ್ಕಿನಂಥ ಕವರ್ ಹೊದಿಸಿ ಕಟ್ಟಿದರೆ ಒಳಗಿನ ತೇವ ಹೊರಗೆ ಹೋಗದೆ ಸೀಟಿಗೆ, ಸ್ಟೇರಿಂಗಿಗೆ ಬೂಷ್ಟು ಬರುತ್ತೆ. ಕರಾವಳಿಯಲ್ಲಿ ಇದರ ಜೊತೆ ಉಪ್ಪು ಗಾಳಿ. ಆರಿಸೋ ಮುಂಚೆ ಗಾಡಿಯ ಅಡಿಗೆ ಟಾರ್ಚ್ ಬಿಟ್ಟು ನೋಡಿ, ಹೊಸದಾದರೆ ಅಡಿಗೆ ತುಕ್ಕು ತಡೆಯೋ ಕೋಟಿಂಗ್ ಮಾಡಿಸಿ. ಬ್ರೇಕ್ ಡಿಸ್ಕಿನ ಮೇಲೆ ಒಂದು ವಾರಕ್ಕೇ ಬರೋ ಕೆಂಪು ತುಕ್ಕಿಗೆ ಮಾತ್ರ ಹೆದರಬೇಡಿ, ಅದು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತೆ.

ಇಲಿ! ಬಾನೆಟ್ ಒಳಗೆ ಬೆಚ್ಚಗೆ ಕೂತು ವಯರ್ ಕಡಿಯೋದು ಅದರ ಕೆಲಸ. ಭತ್ತ, ತೆಂಗಿನಕಾಯಿ ರಾಶಿ ಹಾಕಿದ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸಿದರೆ ಊಟವೂ ಅಲ್ಲೇ, ವಸತಿಯೂ ಅಲ್ಲೇ. ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿದರೆ ಬರಲ್ಲ ಅಂತಾರೆ ಕೆಲವರು. ಹೊಗೆಸೊಪ್ಪಿನ ಮೇಲೇ ಮರಿ ಹಾಕಿತ್ತು ಅಂತಾರೆ ಇನ್ನು ಕೆಲವರು. ಕಾರು ಆಗಾಗ ಅಲುಗಾಡ್ತಾ ಇದ್ದರೆ ಅದಕ್ಕೆ ಮನೆ ಕಟ್ಟೋಕೆ ಪುರುಸೊತ್ತು ಸಿಗಲ್ಲ, ನಾನು ನಂಬೋದು ಅದನ್ನ.

ಮಳೆಗಾಲದಲ್ಲಿ ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತೆ. ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಟೈರಿಗೆ ಎರಡು ಮೂರು ಪೌಂಡ್ ಹೆಚ್ಚು ಗಾಳಿ. ಮೂರು ತಿಂಗಳು ಯಾರೂ ಮುಟ್ಟಲ್ಲ ಅಂತಾದರೆ ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಹೋಗಿ, ಹತ್ತರ ಸ್ಪ್ಯಾನರ್ ಒಂದಿದ್ದರೆ ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ. ಗಡಿಯಾರ, ರೇಡಿಯೊ ಮತ್ತೆ ಹೊಂದಿಸಬೇಕಾಗುತ್ತೆ ಅಷ್ಟೆ. ಆದರೆ ಮನೇಲಿ ಅಪ್ಪ ಅಮ್ಮ ಇದ್ದು, ಕಾರು ತುರ್ತಿಗೆ ಬೇಕು ಅಂದರೆ ಕಳಚೋದು ಸರಿಯಲ್ಲ. ಅದನ್ನ ಓಡಿಸಬೇಕು. ಎಷ್ಟು? ಸಣ್ಣ ಕಾರಿನಲ್ಲಿ ಸೋರಿಕೆ 30 ಮಿಲಿ ಆಂಪಿಯರ್ ಅಂದುಕೊಂಡರೆ ದಿನಕ್ಕೆ 0.72, ಹದಿನಾಲ್ಕು ದಿನಕ್ಕೆ ಸುಮಾರು 10 ಆಂಪಿಯರ್ ಅವರ್. ರಸ್ತೆಯಲ್ಲಿ ಓಡುವಾಗ ಬ್ಯಾಟರಿಗೆ 20 ಆಂಪಿಯರ್ ಹೋದರೆ ಅರ್ಧ ಗಂಟೆಗೆ 10. ಬ್ಯಾಟರಿ ಕೊಟ್ಟಿದ್ದನ್ನೆಲ್ಲ ಕುಡಿಯಲ್ಲ, ಹಾಗಾಗಿ ಮುಕ್ಕಾಲು ಗಂಟೆ ಅನ್ನಿ. ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ, ಎಸಿ ಹತ್ತು ನಿಮಿಷ ಹಾಕಿಕೊಂಡು, ರಸ್ತೆಯಲ್ಲಿ. ಇಂಜಿನ್ ಪೂರ್ತಿ ಬಿಸಿಯಾದರೆ ಸೈಲೆನ್ಸರಿನಲ್ಲಿ, ಆಯಿಲ್‌ನಲ್ಲಿ ಸೇರಿದ ನೀರೂ ಆವಿಯಾಗುತ್ತೆ. ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಆ ನೀರು ಅಲ್ಲೇ ಉಳಿಯುತ್ತೆ, ಅಂದರೆ ನನ್ನ ಸಲಹೆ ಬ್ಯಾಟರಿಯನ್ನ ಮಾತ್ರ ಕೊಂದಿದ್ದಲ್ಲ. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇರಲಿ.

ಕಾಗದದ ವಿಷಯ ಚಿಕ್ಕದಾಗಿ. "ಓಡ್ಸೋದೇ ಇಲ್ಲ, ವಿಮೆ ಯಾಕೆ?" ಅಂತ ಬಿಟ್ಟುಬಿಡೋರಿದ್ದಾರೆ. ಶೆಡ್ಡಿನಲ್ಲಿ ನಿಂತ ಕಾರಿನ ಮೇಲೂ ಜೂನ್ ತಿಂಗಳಲ್ಲಿ ಮರ ಬೀಳುತ್ತೆ. ಅವಧಿ ಮುಗಿದು 90 ದಿನ ದಾಟಿದರೆ ವರ್ಷವರ್ಷ ಕೂಡಿಟ್ಟ ನೋ ಕ್ಲೇಮ್ ಬೋನಸ್, ಅದು ಶೇ.50ರವರೆಗೂ ಇರಬಹುದು, ಪೂರ್ತಿ ಹೋಯ್ತು. ವಿಮೆ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಕಮ್ಮಿ ಓಡಿಸೋರಿಗೆ, ಓಡಿದಷ್ಟಕ್ಕೆ ಪ್ರೀಮಿಯಂ ಅನ್ನೋ ಸೌಲಭ್ಯಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರಲ್ಲೇ ದಾರಿ ಮಾಡಿಕೊಟ್ಟಿದೆ. ಏಜೆಂಟ್ ತಾನಾಗಿ ಹೇಳಲ್ಲ, ನೀವೇ ಕೇಳಿ. ಮುಂಬೈಯಲ್ಲಿರೋ ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಎಂಎಚ್ ನಂಬರಿನ ಹಳೇ ಕಾರನ್ನ ಊರಿಗೆ ತಂದು ಬಿಟ್ಟು ಹೋಗ್ತೀರಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟರೆ ಕಾನೂನು ಪ್ರಕಾರ ಇಲ್ಲಿನ ನಂಬರ್ ಮಾಡಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಪುಕ್ಕಟೆ ಕಾರು ಅಂದುಕೊಂಡದ್ದಕ್ಕೆ ಆ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ.

ಇಷ್ಟೆಲ್ಲ ಕುವೈತ್‌ನವರಿಗೆ ಹೇಳಿ ಮುಗಿಸಿದ ಮೇಲೆ ಕೇಳಿದೆ, "ಯಾವ ಕಾರು ಬೇಕು ಅಂತ ಅಪ್ಪನ್ನ ಕೇಳಿದ್ರಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅವರು ಏನು ಹೇಳ್ತಾರೆ ಸರ್, ನೀನು ತಂದದ್ದು ಸಾಕು ಅಂತಾರೆ."

"ನಮ್ಮಪ್ಪನೂ ಹಾಗೇ ಅಂದಿದ್ದರು," ಅಂದೆ.

ನಾಲ್ಕು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. ಅಪ್ಪನನ್ನ ಕೇಳಿದ್ದಾರೆ. ಅಪ್ಪ ಹೇಳಿದ್ದು, "ನಮ್ಮ ಗೇಟಿನಲ್ಲಿ ರಿಕ್ಷಾ ಬಂದ ಹಾಗೆ ಬರೋ ಕಾರು ಇದ್ದರೆ ನೋಡು ಮಗ, ನಾನೇ ಬಿಡ್ತೇನೆ." ಟಾಪ್ ಎಂಡ್ ಪಟ್ಟಿಯಲ್ಲಿ ಅಂಥದ್ದು ಇಲ್ಲ ಅಂತ ಅವರಿಗೇ ನಗು.

ನಮ್ಮ ದೊಡ್ಡ ಡೀಸೆಲ್ ಗಾಡಿಯನ್ನ ಆ ವರ್ಷದ ನವರಾತ್ರಿಗೆ ಮುಂಚೆಯೇ ಮಾರಿದೆ. ಅದರ ಜಾಗಕ್ಕೆ ಐದು ವರ್ಷದ ಹಳೇ ವ್ಯಾಗನ್ ಆರ್ ಬಂತು. ಅಪ್ಪ ಈಗ ವಾರಕ್ಕೊಮ್ಮೆ ಸಂತೆಗೆ ಅದರಲ್ಲೇ ಹೋಗ್ತಾರೆ, ಜೊತೆಗೆ ಅಮ್ಮನೂ. ಎಡ ಬಾಗಿಲಿಗೆ ಬೇಲಿ ತಾಗಿ ಮೊದಲ ಗೀರು ಬಿದ್ದಿದ್ದು ಮೂರನೇ ವಾರದಲ್ಲಂತೆ. ನನಗೆ ಗೊತ್ತಾಗಿದ್ದು ದೀಪಾವಳಿಗೆ ಊರಿಗೆ ಹೋದಾಗ.